ಟಿಕೆಟ್ ಜಗಳದ ಹಿಂದಿನ ತತ್ವದ ಜಗಳ

ಚುನಾವಣೆ ಹತ್ತಿರ ಬಂದಂತೆ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಊರುಗಳ ಹೋಟೆಲು, ಅರಳಿಕಟ್ಟೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಟಿಕೆಟ್ ಯಾರಿಗೆ?’ ಎಂಬುದು. ಅದಕ್ಕೆ ಉತ್ತರ ಕೊಡುವ ಅಧಿಕಾರ ಮಾತ್ರ ಆ ಊರಿನವರಿಗಿಲ್ಲ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಪಕ್ಷದ ಪರವಾಗಿ ಸಹಿ ಹಾಕುವವರು ಯಾರೆಂಬುದನ್ನು ‘ಎ’ ಫಾರಂ ತಿಳಿಸುತ್ತದೆ. ಅಭ್ಯರ್ಥಿ ಯಾರೆಂಬುದನ್ನು ‘ಬಿ’ ಫಾರಂ ಹೇಳುತ್ತದೆ. ಆ ಸಹಿಗೆ ಮುಂಚೆ ಕಾರ್ಯಕರ್ತರ ಅಭಿಪ್ರಾಯ ಕೇಳಲೇಬೇಕೆಂದು ಆ ಆದೇಶ ಹೇಳುವುದಿಲ್ಲ.

ಅಮೆರಿಕದ ಪದ್ಧತಿ ಬೇರೆ. ವಿಸ್ಕಾನ್ಸಿನ್ ರಾಜ್ಯ 1903ರಲ್ಲಿ ರೂಪಿಸಿದ ಕಾನೂನಿನಿಂದ ಮೊದಲ್ಗೊಂಡು, ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆ ಅಲ್ಲಿ ಬೇರೂರಿತು. ಹೀಗಾಗಿ ಪಕ್ಷದೊಳಗಿನ ತಾತ್ವಿಕ ಭಿನ್ನಮತ ಬಹಿರಂಗವಾಗಿಯೇ ನಡೆಯುತ್ತದೆ. 1964ರಲ್ಲಿ ರಿಪಬ್ಲಿಕನ್ನರ ಗೋಲ್ಡ್‌ವಾಟರ್ ಮತ್ತು ರಾಕ್‌ಫೆಲರ್, 2016ರಲ್ಲಿ ಡೆಮಾಕ್ರಾಟರ ಕ್ಲಿಂಟನ್ ಮತ್ತು ಸ್ಯಾಂಡರ್ಸ್ ನಡುವೆ ನಡೆದದ್ದು ಇಂಥ ಹೋರಾಟ.

ನಮ್ಮಲ್ಲಿ ಅದಕ್ಕೆ ಸಮೀಪದ ಘಟನೆ ನಡೆದದ್ದು ಬೆಂಗಳೂರಿನಲ್ಲಿ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿತ್ತು. ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಚುನಾವಣೆಗೆ ಜಗಜೀವನರಾಂ ಅಭ್ಯರ್ಥಿಯಾಗಲೆಂದು ಇಂದಿರಾ ಗಾಂಧಿ ಬಯಸಿದರು. ಪಾರ್ಲಿಮೆಂಟರಿ ಮಂಡಳಿಯ ಬಹುಮತ ನೀಲಂ ಸಂಜೀವರೆಡ್ಡಿ ಅವರ ಕಡೆಗಿತ್ತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ವ್ಯಕ್ತಿಗಳ ನಡುವಿನ ಪೈಪೋಟಿ ಎಡ–ಬಲದ ಜಗಳವಾಯಿತು. ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲ ಯಾಚಿಸಿದ್ದು ಈ ಜಗಳಕ್ಕೆ ತುಪ್ಪ ಸುರಿಯಿತು. ಆತ್ಮಸಾಕ್ಷಿಯ ಮತಕ್ಕೆ ಇಂದಿರಾ ಕರೆಕೊಟ್ಟರು, ವಿ.ವಿ. ಗಿರಿ ಗೆದ್ದರು. ನವೆಂಬರಿನಲ್ಲಿ ಇಂದಿರಾ ಅವರ ಉಚ್ಚಾಟನೆಯಾಗಿ ಪಕ್ಷ ಒಡೆಯಿತು. ಮೈಸೂರು ರಾಜ್ಯದ ವೀರೇಂದ್ರ ಪಾಟೀಲ್ ಸರ್ಕಾರ ನಿಜಲಿಂಗಪ್ಪನವರ ಜೊತೆ ನಿಂತಿತು. ಆದರೆ 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು.

ಮೂವತ್ತು ವರ್ಷಗಳ ನಂತರ ಇಂಥದೇ ಬಿರುಕು ಚನ್ನಗಿರಿಯ ಬಾಗಿಲಿಗೇ ಬಂತು. ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಲೋಹಿಯಾ ಪರಂಪರೆಯ ಸಮಾಜವಾದಿ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. 1999ರಲ್ಲಿ ಅವರು ಮುಖ್ಯಮಂತ್ರಿಯಾಗಿದ್ದಾಗ, ಬಿಜೆಪಿ ನೇತೃತ್ವದ ಕೂಟದ ಜೊತೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಜನತಾದಳ ಹೋಳಾಯಿತು. ಪಟೇಲರು ಸಂಯುಕ್ತ ಜನತಾದಳದಲ್ಲಿ ಉಳಿದರು. ದೇವೇಗೌಡರು ಜಾತ್ಯತೀತ ಜನತಾದಳ ಕಟ್ಟಿದರು. ಚುನಾವಣೆಯಲ್ಲಿ ಕಾಂಗ್ರೆಸ್ 132 ಸ್ಥಾನ ಗಳಿಸಿತು. ಸ್ವಂತ ಕ್ಷೇತ್ರದಲ್ಲಿ ಪಟೇಲರೇ ಸೋತರು.

2014ರಲ್ಲಿ ಕಾಂಗ್ರೆಸ್ ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಒಳಚುನಾವಣೆಯ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರದಿಂದ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಿಂದ ಜನಾರ್ದನ ಪೂಜಾರಿ ಹಾಗೆ ಆಯ್ಕೆಯಾದರು. ಮತ ಹಾಕಿದವರು ಪಕ್ಷದೊಳಗಿನ ಸೀಮಿತ ಮಂದಿ. ಮುಂದೆ ಇಬ್ಬರೂ ಸೋತರು.

ಪ್ರಾಥಮಿಕ ಚುನಾವಣೆ ಸರ್ವರೋಗಕ್ಕೆ ಮದ್ದಲ್ಲ. ಹಣ, ಜಾತಿಗಳ ಬಲ ಅಲ್ಲಿಗೂ ನುಸುಳಬಲ್ಲದು. ಆದರೆ 1969 ಮತ್ತು 1999ರಲ್ಲಿ ತತ್ವದ ಪ್ರಶ್ನೆಗಳನ್ನು ನಾಯಕರು ಮುಚ್ಚಿದ ಕೋಣೆಗಳಲ್ಲಿ ತೀರ್ಮಾನಿಸಿದರು. ವರ್ಷಗಟ್ಟಲೆ ಬಾವುಟ ಹಿಡಿದ ಹಳ್ಳಿಯ ಕಾರ್ಯಕರ್ತನಿಗೆ ಉಳಿದದ್ದು ಒಡೆದ ಪಕ್ಷಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಕಷ್ಟ ಮಾತ್ರ.