ಎಸ್ಟೋನಿಯದಲ್ಲಿ ಮನೆಯಿಂದಲೇ ಓಟು ಮಾಡುವ ಕ್ರಮ

ಬಾಲ್ಟಿಕ್ ಸಮುದ್ರದ ತೀರದಲ್ಲಿರುವ ಎಸ್ಟೋನಿಯವು ಸುಮಾರು 13 ಲಕ್ಷ ಜನಸಂಖ್ಯೆಯುಳ್ಳ ಸಣ್ಣ ದೇಶ. ಅಲ್ಲಿನ ಬೇಸಾಯಗಾರನು ಸಹಾಯಧನಕ್ಕೆ ಅರ್ಜಿ ಹಾಕುವುದಕ್ಕೂ ಶಾಸನಸಭೆಗೆ ಪ್ರತಿನಿಧಿಯನ್ನು ಆರಿಸುವುದಕ್ಕೂ ಒಂದೇ ಗುರುತಿನ ಕಾರ್ಡನ್ನು ಅಂತರಜಾಲದಲ್ಲಿ ಉಪಯೋಗಿಸಬಹುದು. 2005ನೆಯ ಇಸವಿಯ ಸ್ಥಳೀಯ ಚುನಾವಣೆಯಲ್ಲಿ ಓಟು ಮಾಡಿದವರ ಪೈಕಿ ನೂರಕ್ಕೆ ಇಬ್ಬರಷ್ಟು ಜನ ಮಾತ್ರ ಈ ಮಾರ್ಗವನ್ನು ಹಿಡಿದರು. 2023ರ ಶಾಸನಸಭೆಯ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಓಟುಗಳು ಹೀಗೆ ಬಂದವು.

ಓಟು ಮಾಡಿದವನು ಅರ್ಹನೆಂಬುದು ತಿಳಿಯಬೇಕು. ಯಾರಿಗೆ ಮಾಡಿದನೆಂಬುದು ಮಾತ್ರ ತಿಳಿಯಕೂಡದು. ಇದಕ್ಕಾಗಿ ಲಕೋಟೆಯೊಳಗೆ ಲಕೋಟೆಯಿಟ್ಟಂತೆ ಏರ್ಪಾಡು ಮಾಡಿರುವರು. ಒಳಗಿನದರಲ್ಲಿ ಗೂಢಲಿಪಿಗೆ ತಿರುಗಿಸಿದ ಓಟು. ಹೊರಗಿನದರ ಮೇಲೆ ಕಾರ್ಡಿನಿಂದ ಹಾಕಿದ ಸಹಿ. ಸಹಿಯನ್ನು ಪರೀಕ್ಷಿಸಿ, ಹೊರಗಿನದನ್ನು ಬೇರ್ಪಡಿಸಿದ ಮೇಲೆಯೇ ಒಳಗಿನದನ್ನು ತೆರೆಯತಕ್ಕದ್ದು. ಓಟು ಸರಿಯಾಗಿ ಸೇರಿತೇ ಎಂಬುದನ್ನು ಸ್ವಲ್ಪ ಹೊತ್ತಿನೊಳಗೆ ಮೊಬೈಲಿನಲ್ಲಿ ನೋಡಿಕೊಳ್ಳುವ ಅನುಕೂಲವು 2013ರಿಂದ ದೊರೆತಿದೆ.

ಆದರೆ ಓಟಿನ ಕಟ್ಟೆಯಲ್ಲಿರುವ ಮರೆಯು ಮನೆಯಲ್ಲಿಲ್ಲ. ಯಜಮಾನನೋ ಸಾಲ ಕೊಟ್ಟವನೋ ಹೆಗಲ ಮೇಲಿಂದ ಇಣಿಕಿ ನೋಡುತ್ತಿದ್ದರೆ ಗತಿಯೇನು? ಹಳ್ಳಿಯ ವ್ಯವಹಾರವನ್ನು ಬಲ್ಲವರಿಗೆ ಈ ಶಂಕೆಯು ಮೊದಲು ಹುಟ್ಟುವುದು. ಎಸ್ಟೋನಿಯದವರ ಉತ್ತರವು ಸರಳವಾಗಿದೆ: ಗಡುವಿನೊಳಗೆ ಎಷ್ಟು ಸಲವಾದರೂ ಓಟನ್ನು ಬದಲಾಯಿಸಬಹುದು, ಕಡೆಯದೇ ಲೆಕ್ಕಕ್ಕೆ ಬರುವುದು. ಕಟ್ಟೆಗೆ ಹೋಗಿ ಕಾಗದದ ಚೀಟಿ ಹಾಕಿದರೆ ಅಂತರಜಾಲದ ಓಟು ರದ್ದಾಗುವುದು. 2021ರಿಂದ ಚುನಾವಣೆಯ ದಿನವೇ ಹೀಗೆ ಮಾಡುವುದಕ್ಕೂ ಅವಕಾಶವಿದೆ. ಬೆದರಿಸಿದವನಿಗೆ ತನ್ನ ಬೆದರಿಕೆ ಫಲಿಸಿತೇ ಎಂಬುದು ತಿಳಿಯುವುದೇ ಇಲ್ಲ. ಇಡೀ ಏರ್ಪಾಡಿನಲ್ಲಿ ಗೂಢಲಿಪಿಗಿಂತಲೂ ಮೆಚ್ಚತಕ್ಕ ಭಾಗವಿದೇ.

ಆಕ್ಷೇಪಣೆಗಳಿಲ್ಲದೆ ಇಲ್ಲ. 2014ರಲ್ಲಿ ಪರದೇಶಗಳ ಕೆಲವು ತಜ್ಞರು ಪರಿಶೀಲಿಸಿ, ಈ ಕ್ರಮವನ್ನು ನಿಲ್ಲಿಸಬೇಕೆಂದು ಸಲಹೆಯಿತ್ತರು, ಅಧಿಕಾರಿಗಳು ಒಪ್ಪಲಿಲ್ಲ. 2017ರಲ್ಲಿ ಸುಮಾರು 7.5 ಲಕ್ಷ ಕಾರ್ಡುಗಳ ಬಿಲ್ಲೆಯಲ್ಲಿ ದೋಷವು ಕಂಡುಬಂದಿತು. ಸರ್ಕಾರವು ಅದನ್ನು ಮುಚ್ಚಿಡದೆ ಸೆಪ್ಟೆಂಬರಿನಲ್ಲಿ ಪ್ರಕಟಿಸಿ, ಅಕ್ಟೋಬರಿನ ಸ್ಥಳೀಯ ಚುನಾವಣೆಯನ್ನು ನಡೆಸಿ, ನವೆಂಬರಿನಲ್ಲಿ ದೋಷವುಳ್ಳ ಕಾರ್ಡುಗಳ ಅಂತರಜಾಲದ ಉಪಯೋಗವನ್ನು ತಡೆಹಿಡಿಯಿತು. ಅವುಗಳನ್ನು ಸರಿಪಡಿಸಿಕೊಳ್ಳುವವರೆಗೆ ಓಟಿನ ಮಾತಿರಲಿ, ಆ ಕಾರ್ಡಿನಿಂದ ಅರ್ಜಿಗೆ ಸಹಿ ಹಾಕುವುದೂ ಆಗಲಿಲ್ಲ. ಎಲ್ಲ ಕೆಲಸಕ್ಕೂ ಒಂದೇ ಬೀಗದ ಕೈಯನ್ನು ನಂಬುವುದರ ತೊಂದರೆಯು ಆಗ ಚೆನ್ನಾಗಿ ವ್ಯಕ್ತವಾಯಿತು.

ಚುನಾವಣೆಯಿಲ್ಲದ ಕಾಲದಲ್ಲಿಯೂ ಪ್ರಜೆಗಳಿಗೆ ಮಾತಿಗೆ ಅವಕಾಶವಿದೆ. 2014ರಿಂದ, 16 ವರ್ಷ ತುಂಬಿದ 1,000 ಮಂದಿ ಬೆಂಬಲಿಸಿದ ಅರ್ಜಿಯನ್ನು ಶಾಸನಸಭೆಗೆ ಸಲ್ಲಿಸಬಹುದು. ಸಹಿಯನ್ನು ಅದೇ ಕಾರ್ಡಿನಿಂದ ಹಾಕಿದರೂ ಸಲ್ಲುವುದು. ಓಟಿನಲ್ಲಿ ಹೆಸರನ್ನು ಕಳಚುವುದು ಹೇಗೆ ಅವಶ್ಯಕವೋ ಇಲ್ಲಿ ಹೆಸರು ಅಂಟಿಕೊಂಡಿರುವುದು ಹಾಗೆಯೇ ಅವಶ್ಯಕ. ಇಲ್ಲದಿದ್ದರೆ ಒಬ್ಬನೇ ಸಾವಿರ ಮಂದಿಯಾದಾನು. ಅರ್ಜಿಯನ್ನು ಸಭೆಯ ಸಮಿತಿಯು ವಿಚಾರಿಸುವುದು. ಒಪ್ಪಲೇಬೇಕೆಂಬ ಕಟ್ಟಿಲ್ಲ, ಆದರೆ ನಿರ್ಣಯವನ್ನು ಅರ್ಜಿದಾರರಿಗೆ ತಿಳಿಸಬೇಕು.