ತಪ್ಪಿಲ್ಲದಿದ್ದರೂ ತಪ್ಪದ ಹೊಣೆ

ದೇವದುರ್ಗದ ಹತ್ತಿ ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗಳಿಗೆ ಬರುವ ಋತುವಿನಲ್ಲಿ ಬೆಂಕಿಯ ಭಯ ಎಲ್ಲರಿಗೂ ಇದ್ದದ್ದೇ. ಕಿಡಿ ಹಾರಿ ಪಕ್ಕದ ಗೋದಾಮು ಸುಟ್ಟಿತೆನ್ನೋಣ. ಪರಿಹಾರ ಕೇಳುವ ನೆರೆಯವರು ಮಾಲೀಕರ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕೆಂಬುದು ಸಾಮಾನ್ಯ ನಿಯಮ. ವಿದ್ಯುತ್ ತಂತಿಗಳನ್ನೂ ಅಗ್ನಿಶಾಮಕ ಸಾಧನಗಳನ್ನೂ ಪರೀಕ್ಷಿಸಿದ ದಾಖಲೆಗಳೇ ಆಗ ಮಾಲೀಕರ ರಕ್ಷಣೆ.

ಆದರೆ ಕೆಲವು ವಸ್ತುಗಳ ವಿಷಯದಲ್ಲಿ ಈ ಸಮಜಾಯಿಷಿ ನಡೆಯದು. ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕರೊಬ್ಬರು ಕಟ್ಟಿಸಿದ ಜಲಾಶಯದ ನೀರು ನೆರೆಯ ಕಲ್ಲಿದ್ದಲು ಗಣಿಗೆ ನುಗ್ಗಿತು. ತಪ್ಪು ಗುತ್ತಿಗೆದಾರರದು, ಆದರೂ 1868ರ ರೈಲ್ಯಾಂಡ್ಸ್-ಫ್ಲೆಚರ್ ತೀರ್ಪು ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸಿತು. ಪ್ರಕೃತಿ ವಿಕೋಪದಂಥ ಕೆಲವು ವಿನಾಯಿತಿಗಳು ಮಾತ್ರ ಉಳಿದಿದ್ದವು. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಬಳಿಕ, ನಮ್ಮ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಅಪಾಯಕಾರಿ ಉದ್ಯಮಗಳಿಗೆ ಆ ವಿನಾಯಿತಿಗಳನ್ನೂ ನಿರಾಕರಿಸಿತು. ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಿರಬೇಕೆಂದಿತು.

ಇದು ದೆಹಲಿಯ ಮಾತೆಂದು ಸುಮ್ಮನಿರಲಾಗದು. ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಉಳಿಯುವಂಥ ತೌಡಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕಗಳು ಬಳಸುವ ಹೆಕ್ಸೇನ್ ಅತಿ ಬೇಗ ಹೊತ್ತಿಕೊಳ್ಳುವ ದ್ರವ. ಇಂಥ ವಸ್ತುಗಳ ಸಂಗ್ರಹವು ಅಧಿಸೂಚಿತ ಪ್ರಮಾಣವನ್ನು ಮೀರಿದರೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮದ ಮೇರೆಗೆ ವಿಮೆ ಕಡ್ಡಾಯ. ಅಪಘಾತದಿಂದ ನೊಂದ ಹೊರಗಿನವರು ಐದು ವರ್ಷಗಳೊಳಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಮಾಲೀಕರ ತಪ್ಪನ್ನು ಅವರು ತೋರಿಸಬೇಕಿಲ್ಲ. ಕಾರ್ಮಿಕರ ಪರಿಹಾರಕ್ಕೆ ಬೇರೆ ಕಾನೂನಿದೆ.

ಅನೇಕ ಸದಸ್ಯರು ಬೆಂಕಿ ವಿಮೆಯೊಂದಿದ್ದರೆ ಸಾಕೆಂದು ಭಾವಿಸುತ್ತಾರೆ. ಅದು ಸಾಮಾನ್ಯವಾಗಿ ತಮ್ಮ ಸ್ವತ್ತಿಗಷ್ಟೇ ಅನ್ವಯಿಸುತ್ತದೆ. ಪಾಲಿಸಿಯನ್ನು ನವೀಕರಿಸುವ ಮುನ್ನ ಅದರ ಷರತ್ತುಗಳನ್ನೊಮ್ಮೆ ಓದುವುದು ಒಳಿತು.