ಹಾಲಿನಲ್ಲಿರುವ ಕಾವಲುಗಾರರು

ಹಸು ಈದ ಮೊದಲ ಕೆಲವು ದಿನಗಳ ಹಾಲು ಮಂದವಾಗಿಯೂ ಹಳದಿಯಾಗಿಯೂ ಇರುವುದನ್ನು ನೀವು ನೋಡಿರಬಹುದು. ಇದೇ ಗಿಣ್ಣುಹಾಲು. ಕಾಯಿಸಿದೊಡನೆ ಅದು ಗಟ್ಟಿಯಾಗುತ್ತದೆ. ಏಕೆಂದರೆ ಅದರಲ್ಲಿ ಪ್ರೋಟೀನುಗಳು ಹೇರಳವಾಗಿವೆ. ಇವುಗಳಲ್ಲಿ ಕೆಲವು ಕೇವಲ ಆಹಾರವಲ್ಲ, ಎಳೆಯ ಜೀವಿಯ ರಕ್ಷಕರೂ ಹೌದು.

ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಗರ್ಭದಲ್ಲಿರುವ ಕರುವಿಗೆ ತಾಯಿಯ ರಕ್ತದಿಂದ ದೊರೆಯುವುದಿಲ್ಲ. ಅವು ದೊರೆಯುವುದು ಗಿಣ್ಣುಹಾಲಿನಿಂದಲೇ. ಹುಟ್ಟಿದ ಸುಮಾರು ಒಂದು ದಿನದವರೆಗೆ ಮಾತ್ರ ಕರುವಿನ ಕರುಳು ಅವುಗಳನ್ನು ಹಾಗೆಯೇ ಹೀರಿಕೊಳ್ಳಬಲ್ಲದು. ಮಾನವ ಶಿಶುವಿಗೆ ಗರ್ಭದಲ್ಲಿಯೇ ಕೆಲವು ಪ್ರತಿಕಾಯಗಳು ದೊರೆತರೂ, ತಾಯಿಯ ಮೊದಲ ಹಾಲಿನಲ್ಲಿರುವ ಬೇರೊಂದು ಬಗೆಯ ಪ್ರತಿಕಾಯಗಳು ಅದರ ಕರುಳಿನ ಒಳಪದರವನ್ನು ಕಾಯುತ್ತವೆ.

ಹಾಲಿನ ಇನ್ನೊಂದು ಕಾವಲುಗಾರ ಲ್ಯಾಕ್ಟೊಫೆರಿನ್. ಕೆಂಪು ಬಣ್ಣದ ಈ ಪ್ರೋಟೀನನ್ನು 1939ರಲ್ಲಿ ಹಸುವಿನ ಹಾಲಿನಲ್ಲಿ ಗುರುತಿಸಲಾಯಿತು. ಇದರ ಪ್ರತಿಯೊಂದು ಅಣುವೂ ಕಬ್ಬಿಣದ ಎರಡು ಪರಮಾಣುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ವೈರಾಣುವನ್ನು ಇದು ತಡೆಯುವ ಬಗೆ ಕುತೂಹಲಕರವಾಗಿದೆ. ವೈರಾಣು ತಾನಾಗಿ ವೃದ್ಧಿಯಾಗಲಾರದು. ಅದು ಜೀವಕೋಶದೊಳಕ್ಕೆ ಪ್ರವೇಶಿಸಲೇಬೇಕು. ಅದಕ್ಕಾಗಿ ಅನೇಕ ವೈರಾಣುಗಳು ಮೊದಲು ಜೀವಕೋಶದ ಹೊರಮೈಯಲ್ಲಿರುವ ಸಕ್ಕರೆಯ ಸರಪಣಿಗಳಿಗೆ ಅಂಟಿಕೊಳ್ಳುತ್ತವೆ. ಲ್ಯಾಕ್ಟೊಫೆರಿನ್ ಅದೇ ಸ್ಥಳವನ್ನು ಮೊದಲೇ ಆಕ್ರಮಿಸಿದರೆ, ಬಂದ ವೈರಾಣುವಿಗೆ ನೆಲೆ ಸಿಗುವುದಿಲ್ಲ.

ಹಾಗಾದರೆ ಹಾಲಿನ ಈ ಪ್ರೋಟೀನನ್ನೇ ಔಷಧವೆನ್ನಬಹುದೆ? ಅವಸರ ಸಲ್ಲದು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಂಡುದೆಲ್ಲವೂ ದೇಹದಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಅವಧಿಗೆ ಬಹಳ ಮುಂಚೆ ಜನಿಸಿದ 2,203 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹಸುವಿನ ಲ್ಯಾಕ್ಟೊಫೆರಿನ್ ಪಡೆದ ಶಿಶುಗಳಲ್ಲಿ ಸೋಂಕುಗಳು ಕಡಿಮೆಯಾಗಿರಲಿಲ್ಲ. ಕಾಯಿಸಿದರೆ ಇಂತಹ ಪ್ರೋಟೀನುಗಳು ತಮ್ಮ ಗುಣವನ್ನು ಕಳೆದುಕೊಳ್ಳುತ್ತವೆಂಬುದೂ ನಿಜ. ಹಾಗೆಂದು ಹಸಿಹಾಲನ್ನು ಕುಡಿಯಲಾಗದು. ಅದರಿಂದ ಕ್ಷಯದಂತಹ ರೋಗಗಳು ಹರಡಬಲ್ಲವು.

ಆದರೆ ತಾಯಿಯ ಮೊದಲ ಹಾಲು ಶಿಶುವಿಗೆ ರಕ್ಷೆಯೆಂಬುದರಲ್ಲಿ ಸಂದೇಹವಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಅದನ್ನು ಕೆಟ್ಟ ಹಾಲೆಂದು ಬಗೆದು ಹಿಂಡಿ ಚೆಲ್ಲುವ ರೂಢಿ ನಮ್ಮ ದೇಶದ ಕೆಲವೆಡೆ ಉಳಿದಿದೆ. ಗಿಣ್ಣನ್ನು ಸವಿದು ಮೆಚ್ಚುವ ನಾವು, ಅಂತಹುದೇ ಅಮೂಲ್ಯವಾದ ಹಾಲನ್ನು ನಮ್ಮ ಮಕ್ಕಳಿಗೆ ಇಲ್ಲವೆನ್ನಬಾರದು. ಕೊಟ್ಟಿಗೆಯಲ್ಲಿಯೂ ಮೊದಲ ಪಾಲು ಕರುವಿಗೇ ಸಲ್ಲಬೇಕು.